ಅಕ್ಕನ ಕುತ್ತಿಗೆಯ ಗಂಟು

ಮೊದಲ ಕೀಮೋ ದಿನ ಅಕ್ಕ ಅತ್ತಿದ್ದು ಸೂಜಿ ಚುಚ್ಚಿದ್ದಕ್ಕಲ್ಲ, ಒಂದು ಔಷಧದ ಹೆಸರು ಕೇಳಿ.

ನರ್ಸ್ ಟ್ರೇಯಲ್ಲಿ ಬಾಟಲಿಗಳನ್ನು ಇಟ್ಟುಕೊಂಡು, ಫೈಲ್ ನೋಡುತ್ತಾ ಒಂದೊಂದೇ ಹೆಸರು ಓದಿ ಟಿಕ್ ಹಾಕುತ್ತಿದ್ದರು. ಸೈಕ್ಲೋಫಾಸ್ಫಮೈಡ್ ಅಂದ ಕೂಡಲೇ ಅಕ್ಕ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. "ಇದು ನನಗ ಮೊದ್ಲೇ ಕೊಟ್ಟಾರಲ್ಲ. ಕಿಡ್ನಿಗಂತ ಕೊಟ್ಟಿದ್ರು ನೋಡು, ಆರು ಸಲ. ಇದರಿಂದಾನೇ ಬಂದದೇನು ಇದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಬೆನ್ನು ಸವರುತ್ತಾ ಕೂತೆ.

ಆ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಆದರೆ ನಮ್ಮ ಮನೆಯ ಕಾಯಿಲೆಯ ಬಗ್ಗೆ ಸರಿಯಾಗಿ ಓದಲು ಶುರು ಮಾಡಿದ್ದು ಆ ದಿನದಿಂದಲೇ.

ಅಕ್ಕನಿಗೆ ಲೂಪಸ್ ಅಂತ ಗೊತ್ತಾಗಿದ್ದು 2012ರಲ್ಲಿ. ರೋಗನಿರೋಧಕ ವ್ಯವಸ್ಥೆ ನಮ್ಮ ಮೈಮೇಲೇ ತಿರುಗಿ ಬೀಳುವ ಕಾಯಿಲೆ ಅದು. ಆಗ ಅವಳಿಗೆ 24. ಮೊದಲ ಮಗು ಇನ್ನೂ ತೊಟ್ಟಿಲಲ್ಲಿತ್ತು. ಕೆನ್ನೆ ಎರಡೂ ಕೆಂಪಾಗಿ, ಮೂಗಿನ ಮೇಲೆ ಕೂಡಿಕೊಂಡು, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಕಾಣುತ್ತಿತ್ತು. ಕಲಬುರಗಿಯಲ್ಲಿ ಮೇ ತಿಂಗಳು ಅಂದರೆ 42 ಡಿಗ್ರಿ ದೊಡ್ಡ ಮಾತೇನಲ್ಲ. ಹಾಗಾಗಿ ಎಲ್ಲರೂ ಹೇಳಿದ್ದು ಒಂದೇ, "ಬಿಸಿಲಿಗೆ ಸುಟ್ಟದ, ಗಂಧ ಹಚ್ಚು." ಬಿಸಿಲಿಂದ ಅನ್ನೋದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಲೂಪಸ್ ಇದ್ದವರಿಗೆ ಬಿಸಿಲು ತಾಗಿದರೆ ಚರ್ಮದ ಕಣಗಳು (ಜೀವಕೋಶಗಳು) ಒಡೆಯುತ್ತವೆ. ಒಳಗಿನ ಸರಕು ಹೊರಗೆ ಬರುತ್ತದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಅದನ್ನೇ ಶತ್ರು ಅಂದುಕೊಂಡು ಮೇಲೆ ಬೀಳುತ್ತದೆ. ಹತ್ತು ಜನ ಲೂಪಸ್ ರೋಗಿಗಳಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ತೊಗರಿ ಹೊಲದಲ್ಲಿ ದಿನವಿಡೀ ಬಿಸಿಲಲ್ಲಿ ಕಸ ತೆಗೆಯುವವರೂ ಹೆಂಗಸರೇ. ಎಷ್ಟು ಜನರ ಮುಖದ ಚಿಟ್ಟೆಗೆ ಗಂಧ ಹಚ್ಚಿ ಬಿಟ್ಟಿದ್ದೇವೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

2015ರಲ್ಲಿ ಕಿಡ್ನಿಗೆ ಬಂತು. ಪಾದ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಆಗ ಎರಡು ವಾರಕ್ಕೊಮ್ಮೆ ಸೈಕ್ಲೋಫಾಸ್ಫಮೈಡ್, ಒಟ್ಟು ಆರು ಸಲ. ಆಮೇಲೆ ವರ್ಷಗಟ್ಟಲೆ, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಗುಳಿಗೆ. ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸ್ವಲ್ಪ ಸ್ಟಿರಾಯ್ಡ್. ಕಿಡ್ನಿ ಉಳಿಯಿತು. ಅಡುಗೆಮನೆಯ ಗೂಡಿನಲ್ಲಿ ಬೆಲ್ಲದ ಡಬ್ಬಿ ಪಕ್ಕ ಗುಳಿಗೆ ಡಬ್ಬಿ ಇರುತ್ತಿತ್ತು. ಅದೂ ಮನೆಯ ಸಾಮಾನೇ ಆಗಿಹೋಯಿತು.

ಗಂಟು ಮೊದಲು ಸಿಕ್ಕಿದ್ದು ಅವ್ವನ ಕೈಗೆ. 2021ರ ಡಿಸೆಂಬರ್. ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದ ಅವ್ವ ಸುಮ್ನೆ ಕೈ ನಿಲ್ಲಿಸಿದಳು. ಎಡಗಡೆ ದವಡೆ ಕೆಳಗೆ, ಬಾರಿಹಣ್ಣಿನಷ್ಟು. ಒತ್ತಿದರೆ ನೋವಿಲ್ಲ. ರಬ್ಬರಿನ ಹಾಗೆ ಸ್ವಲ್ಪ ಮೆತ್ತಗೆ, ಸ್ವಲ್ಪ ಗಟ್ಟಿ. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. "ಹಿಂದ ಜ್ವರ ಬಂದಾಗೂ ಬಂದಿತ್ತಲ್ಲವ್ವ, ತಾನೇ ಹೋಯ್ತು" ಅಂದಳು. ಅದು ನಿಜವೂ ಹೌದು. ಲೂಪಸ್ ಕೆರಳಿದಾಗ ಕುತ್ತಿಗೆಯ ದುಗ್ಧರಸ ಗ್ರಂಥಿಗಳು ಊದುವುದು ಸಾಮಾನ್ಯ.

ಈ ಕಾಯಿಲೆಯಲ್ಲಿ ನಮ್ಮನ್ನು ಮೋಸ ಮಾಡಿದ್ದು ಇದೇ. ಸುಸ್ತಾ? ಲೂಪಸ್ ಇದೆಯಲ್ಲ. ಸಂಜೆ ಜ್ವರವಾ? ಲೂಪಸ್. ರಕ್ತದಲ್ಲಿ ಬಿಳಿ ಕಣ ಕಡಿಮೆಯಾ? ಅದೂ ಲೂಪಸ್. ಹತ್ತು ವರ್ಷದಿಂದ ಏನೇ ಕೇಳಿದರೂ ಒಂದೇ ಉತ್ತರ ಸಿಕ್ಕಿ, ಬೇರೆ ಉತ್ತರ ಇರಬಹುದು ಅನ್ನೋದೇ ನಮಗೆ ಮರೆತುಹೋಗಿತ್ತು. ಜನವರಿ ಚಳಿಯಲ್ಲಿ ರಾತ್ರಿ ಬೆವರಿ ಅವಳ ತಲೆದಿಂಬಿನ ಕವರ್ ಒದ್ದೆಯಾಗುತ್ತಿತ್ತು. ಬೆಳಗ್ಗೆ ಅದನ್ನು ತಾನೇ ಬಿಚ್ಚಿ, ಒಗೆದು, ಯಾರಿಗೂ ಹೇಳದೆ ಹಿತ್ತಲಲ್ಲಿ ಒಣಹಾಕುತ್ತಿದ್ದಳು. ಸಂಕ್ರಾಂತಿಗೆ ಹಾಕಿಸಿಕೊಂಡ ಹಸಿರು ಬಳೆ ತಿಂಗಳೊಳಗೆ ಮೊಣಕೈವರೆಗೆ ಜಾರಿ ಏರತೊಡಗಿದವು. ನಾನು ಬಳೆಗಳನ್ನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ. ಅದೇ ತಿಂಗಳು ನಾನು ಒಂಬತ್ತನೇ ತರಗತಿಗೆ ರಕ್ತದ ಪಾಠ ಮಾಡಿದ್ದೆ. ಬೋರ್ಡಿನ ಮೇಲೆ ಬಿಳಿ ರಕ್ತಕಣದ ಚಿತ್ರ ಬರೆದಿದ್ದೆ.

ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಸಣ್ಣ ಸೂಜಿ ಹಾಕಿ ಗಂಟಿನಿಂದ ಸ್ವಲ್ಪ ತೆಗೆದು ನೋಡಿದರು. ರಿಪೋರ್ಟಿನಲ್ಲಿ ಇಂಥದ್ದೇ ಅಂತ ಏನೂ ಬರಲಿಲ್ಲ. ಕುತ್ತಿಗೆ ಗಂಟು, ಸಂಜೆ ಜ್ವರ, ತೂಕ ಇಳಿತ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ. ಹಿಂದಿನವರು ಅದಕ್ಕೆ ಗಂಡಮಾಲೆ ಅಂತ ಹೆಸರೇ ಇಟ್ಟಿದ್ದರಲ್ಲ. ಟಿಬಿ ಇರಬಹುದು ಅಂತ ಯೋಚಿಸಿದ್ದರಲ್ಲಿ ತಪ್ಪಿಲ್ಲ. ನೋಡದೇ ಶುರು ಮಾಡಿದ್ದು ತಪ್ಪು. ಗಂಟು ಪೂರ್ತಿ ತೆಗೆದು ಪರೀಕ್ಷಿಸದೆ, ಟಿಬಿ ಗುಳಿಗೆ ಶುರುವಾದವು.

ಮುಂದೆ ಆಗಿದ್ದನ್ನು ಬಿಡಿಸಿ ಹೇಳಬೇಕು, ಯಾಕಂದರೆ ನಮಗೆ ಆಗ ಯಾರೂ ಬಿಡಿಸಿ ಹೇಳಲಿಲ್ಲ. ಟಿಬಿ ಗುಳಿಗೆಗಳಲ್ಲಿ ರಿಫಾಂಪಿಸಿನ್ ಅಂತ ಒಂದು ಇರುತ್ತದೆ. ಮೂತ್ರವನ್ನು ಕಿತ್ತಳೆ ಬಣ್ಣ ಮಾಡುತ್ತದೆ. ಜೊತೆಗೆ ಲಿವರ್‌ನ ಕೆಲಸ ಚುರುಕು ಮಾಡಿ, ನಾವು ನುಂಗಿದ ಸ್ಟಿರಾಯ್ಡ್ ಬೇಗ ಬೇಗ ಕರಗಿಹೋಗುವ ಹಾಗೆ ಮಾಡುತ್ತದೆ. ಗುಳಿಗೆ ಅಷ್ಟೇ ನುಂಗಿದರೂ ಮೈಗೆ ಸಿಗುವುದು ಕಡಿಮೆ. ಮೂರನೇ ವಾರಕ್ಕೆ ಅಕ್ಕನ ಕೀಲುಗಳೆಲ್ಲ ಹಿಡಿದುಕೊಂಡವು. ಬಾಗಿಲ ಚಿಲಕ ತೆಗೆಯಲು ಬಾರದಾಯಿತು. ಲೂಪಸ್ ಕೆರಳಿದೆ ಅಂತ ಸ್ಟಿರಾಯ್ಡ್ ಎರಡು ಪಟ್ಟು ಮಾಡಿದರು.

ಹತ್ತೇ ದಿನದಲ್ಲಿ ಗಂಟು ಅರ್ಧಕ್ಕಿಂತ ಜಾಸ್ತಿ ಕರಗಿತು.

ನಮ್ಮ ಖುಷಿ ಕೇಳಬೇಡಿ. ಅವ್ವ ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದಳು. ಅಲ್ಲಿಂದ ಬಂದೇನವಾಜ್ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದಳು. ಓಣಿಯ ಮಕ್ಕಳಿಗೆಲ್ಲ ಹಂಚಿದಳು. ಟಿಬಿ ಔಷಧ ಹತ್ತಿತು ಅಂತ ನಾವೆಲ್ಲ ನಂಬಿದೆವು. ಕರಗಿಸಿದ್ದು ಸ್ಟಿರಾಯ್ಡ್. ಗಂಟಿನಲ್ಲಿ ಇದ್ದದ್ದು ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಯ ಬಿಳಿ ಕಣಗಳ ಕ್ಯಾನ್ಸರ್. ಲಿಂಫೋಮಾದ ಕಣಗಳು ಸ್ಟಿರಾಯ್ಡ್‌ಗೆ ಬೇಗ ಸಾಯುತ್ತವೆ, ಅದಕ್ಕೇ ಆ ಕ್ಯಾನ್ಸರಿನ ಚಿಕಿತ್ಸೆಯಲ್ಲೂ ಸ್ಟಿರಾಯ್ಡ್ ಇದೆ. ಆದರೆ ಅದೊಂದರಿಂದಲೇ ಪೂರ್ತಿ ಹೋಗುವುದಿಲ್ಲ. ಡೋಸ್ ಇಳಿಸಿದ್ದೇ ತಡ, ಗಂಟು ತಿರುಗಿ ಬಂತು. ಈ ಸಲ ನಿಂಬೆಕಾಯಿಯಷ್ಟು. ಕಂಕುಳಲ್ಲೂ ಇನ್ನೊಂದು.

ಏಪ್ರಿಲ್‌ನಲ್ಲಿ ಹೈದರಾಬಾದ್‌ಗೆ ಹೋದೆವು. ಅವಳ ಲೂಪಸ್ ನೋಡುವ ಡಾಕ್ಟರ್ ಅಲ್ಲಿದ್ದಾರೆ. ಕೊರೊನಾ ಕಾಲದಿಂದ ಫೋನಿನಲ್ಲೇ ಮಾತಾಡಿಕೊಂಡು ಸುಧಾರಿಸಿದ್ದೆವು. ವಾಡಿ, ತಾಂಡೂರು ದಾಟುವಾಗ ಅಕ್ಕ ಕಿಟಕಿಯ ಬಿಸಿಲು ತಾಗದ ಹಾಗೆ ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗಿದ್ದಳು. ಡಾಕ್ಟರಮ್ಮ ಮೊದಲು ರಿಪೋರ್ಟ್ ನೋಡಲಿಲ್ಲ. ಎದ್ದು ಬಂದು ಅಕ್ಕನ ಹಿಂದೆ ನಿಂತು ಕುತ್ತಿಗೆ ಎರಡೂ ಕಡೆ, ಕೊರಳ ಮೂಳೆಯ ಮೇಲೆ, ಕಂಕುಳಲ್ಲಿ ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಮಲಗಿಸಿ ತೊಡೆಸಂದು, ಹೊಟ್ಟೆ. ಎರಡು ನಿಮಿಷ ಹಿಡಿದಿರಬಹುದು. ಅದಕ್ಕೂ ಮುಂಚೆ ನಾಲ್ಕು ತಿಂಗಳಲ್ಲಿ ಯಾರೂ ಕಂಕುಳ ಮುಟ್ಟಿ ನೋಡಿರಲಿಲ್ಲ. "ಆರು ತಿಂಗಳ ಹಿಂದೆ ತೂಕ ಎಷ್ಟಿತ್ತು?" ಅಂತ ಕೇಳಿದರು. ಫೈಲಿನಲ್ಲಿ ಇತ್ತು, 58 ಕಿಲೋ. ಅವತ್ತು ತೂಕದ ಮಷೀನು 50 ತೋರಿಸಿತು. ಆರು ತಿಂಗಳಲ್ಲಿ ನೂರಕ್ಕೆ ಹತ್ತರಷ್ಟು ತೂಕ ತಾನಾಗಿ ಇಳಿದರೆ, ಜೊತೆಗೆ ಜ್ವರ, ರಾತ್ರಿ ಬೆವರು ಇದ್ದರೆ, ಅದನ್ನು ಲೂಪಸ್ ಲೆಕ್ಕಕ್ಕೆ ಹಾಕಿ ಸುಮ್ಮನಾಗಬಾರದು ಅಂದರು. ಗಂಟು ಇಡಿಯಾಗಿ ತೆಗೆಸಿ ಅಂದರು.

ತೆಗೆಸಿದೆವು. ಆ ಭಾಗ ಮಾತ್ರ ಮರಗಟ್ಟಿಸಿ ಮಾಡುವ ಸಣ್ಣ ಆಪರೇಷನ್. ಫಾರ್ಮಲಿನ್ ತುಂಬಿದ ಪುಟ್ಟ ಡಬ್ಬಿಯನ್ನು ಲ್ಯಾಬಿಗೆ ಹಿಡಿದುಕೊಂಡು ಹೋದವಳು ನಾನೇ. ಒಳಗಿದ್ದ ಗಂಟಿಗೆ ನೆನೆಸಿ ಸಿಪ್ಪೆ ತೆಗೆದ ಅವರೆಕಾಳಿನ ಬಣ್ಣ. ಆಟೋದಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಚೆಲ್ಲದ ಹಾಗೆ ಎರಡೂ ಕೈಯಲ್ಲಿ. ಸೂಜಿಯಲ್ಲಿ ಬರುವುದು ಒಂದಿಷ್ಟು ಬಿಡಿ ಕಣ ಅಷ್ಟೇ. ಇಡೀ ಗ್ರಂಥಿ ಸಿಕ್ಕರೆ ಕಣಗಳು ಹೇಗೆ ಜೋಡಣೆಯಾಗಿವೆ, ಎಲ್ಲಿ ಆ ಜೋಡಣೆ ಕೆಟ್ಟಿದೆ ಅನ್ನೋದು ಕಾಣುತ್ತದೆ. ವಿಶೇಷ ಬಣ್ಣ ಹಾಕಿ ಯಾವ ಜಾತಿಯ ಕಣ ಅಂತ ಹಿಡಿಯಬಹುದು. ಲಿಂಫೋಮಾ ಅಂತ ಅನುಮಾನ ಇದ್ದಾಗ ಸೂಜಿ ಪರೀಕ್ಷೆ ಸಾಲದು ಅನ್ನುವುದು ಇದಕ್ಕೇ.

ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ ಅಂತ ಬಂತು. ಲೂಪಸ್ ಇದ್ದವರಲ್ಲಿ ಕಾಣುವ ಲಿಂಫೋಮಾಗಳಲ್ಲಿ ಇದೇ ಜಾಸ್ತಿ.

ಕ್ಯಾನ್ಸರ್ ಎಲ್ಲಿವರೆಗೆ ಹೋಗಿದೆ ಅಂತ ನೋಡಲು ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಅದರ ರಿಪೋರ್ಟಿಗೆ ಕಾಯುವ ದಿನಗಳಲ್ಲಿ ನಾನು ಓದುತ್ತಿದ್ದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್ಗ್ರೇವ್ಸ್ ಅನ್ನುವ ರಕ್ತರೋಗ ತಜ್ಞ ಮತ್ತು ಅವರ ಜೊತೆಗಾರರು ರೋಗಿಗಳ ಮೂಳೆಮಜ್ಜೆಯಲ್ಲಿ ಒಂದು ವಿಚಿತ್ರ ಕಣ ಕಂಡದ್ದನ್ನು ವರದಿ ಮಾಡಿದರು. ಬಿಳಿ ಕಣವೊಂದು ಇನ್ನೊಂದು ಕಣದ ನ್ಯೂಕ್ಲಿಯಸ್ ನುಂಗಿಕೊಂಡು ಕೂತಿತ್ತು. ಅದಕ್ಕೆ ಎಲ್ಇ ಕಣ ಅಂತ ಹೆಸರಾಯಿತು. ಲೂಪಸ್ ಅನ್ನು ಲ್ಯಾಬಿನಲ್ಲಿ ಗುರುತಿಸಲು ಸಿಕ್ಕ ಮೊದಲ ಗುರುತು ಅದು. ಚರ್ಮದ ಕಾಯಿಲೆ, ಕೀಲಿನ ಕಾಯಿಲೆ ಅಂತ ನಾವು ತಿಳಿದಿದ್ದರ ಗುರುತು ಸಿಕ್ಕಿದ್ದು ರಕ್ತ ಹುಟ್ಟುವ ಜಾಗದಲ್ಲಿ. ಅಕ್ಕನ ಮಜ್ಜೆಯಲ್ಲಿ ಲಿಂಫೋಮಾ ಇಲ್ಲ ಅಂತ ರಿಪೋರ್ಟ್ ಬಂದ ದಿನ ನಾನು ಸ್ಟಾಫ್ ರೂಮಿನಲ್ಲೇ ಅತ್ತೆ.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಔಷಧದಿಂದ ಬಂತಾ, ಕಾಯಿಲೆಯಿಂದ ಬಂತಾ?

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಜ್ಞರ ಮುಂದಾಳತ್ವದಲ್ಲಿ ಹಲವು ದೇಶಗಳ ಲೂಪಸ್ ಆಸ್ಪತ್ರೆಗಳು ಸೇರಿ ಮಾಡಿದ ಒಂದು ದೊಡ್ಡ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. 16,409 ಲೂಪಸ್ ರೋಗಿಗಳನ್ನು ಸರಾಸರಿ ಏಳು ವರ್ಷಕ್ಕಿಂತ ಜಾಸ್ತಿ ಗಮನಿಸಿದರು. ಅಷ್ಟು ಜನರಲ್ಲಿ ಒಟ್ಟು 644 ಕ್ಯಾನ್ಸರ್. ಎಲ್ಲ ಬಗೆಯ ಕ್ಯಾನ್ಸರ್ ಕೂಡಿಸಿದರೆ, ಬೇರೆ ಜನರಿಗಿಂತ ನೂರಕ್ಕೆ 14ರಷ್ಟು ಮಾತ್ರ ಜಾಸ್ತಿ. ಆದರೆ ರಕ್ತದ ಕ್ಯಾನ್ಸರ್‌ಗಳನ್ನು ಬೇರೆ ತೆಗೆದು ನೋಡಿದರೆ ಸುಮಾರು ಮೂರು ಪಟ್ಟು. ಅದರೊಳಗೆ ನಾನ್-ಹಾಡ್ಜ್‌ಕಿನ್ ಲಿಂಫೋಮಾ (ಅಕ್ಕನದೂ ಇದೇ ಗುಂಪಿನದು) ನಾಲ್ಕು ಪಟ್ಟಿಗಿಂತ ಮೇಲೆ. ಸ್ತನದ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್ ಮಾತ್ರ ಬೇರೆಯವರಿಗಿಂತ ಕಡಿಮೆ. ನಾಲ್ಕು ಪಟ್ಟು ಅಂದರೆ ಎದೆ ಧಸಕ್ ಅನ್ನುತ್ತದೆ, ಗೊತ್ತು. ಆದರೆ ಅಪರೂಪದ್ದರ ನಾಲ್ಕು ಪಟ್ಟು ಇನ್ನೂ ಅಪರೂಪವೇ. ಲೂಪಸ್ ಇರುವ ಬಹುತೇಕ ಜನರಿಗೆ ಇದು ಬರುವುದೇ ಇಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಯಾಕೆ ಜಾಸ್ತಿ ಅನ್ನೋದನ್ನು ಅಕ್ಕನಿಗೆ ನಾನು ನಮ್ಮೂರಿನ ದಾಲ್ ಮಿಲ್ ಲೆಕ್ಕದಲ್ಲಿ ಹೇಳಿದೆ. ಸುಗ್ಗಿಯಲ್ಲಿ ತೊಗರಿ ಬಂದಾಗ ಮಿಲ್ಲು ಹಗಲು ರಾತ್ರಿ ಓಡುತ್ತದೆ. ಎಷ್ಟು ಜಾಸ್ತಿ ಓಡಿದರೆ ಅಷ್ಟು ಕೆಡುವ ಸಂಭವ. ಲೂಪಸ್ ಇದ್ದವರಲ್ಲಿ ಬಿ ಕಣಗಳಿಗೆ, ಅಂದರೆ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಿಗೆ, ಸುಗ್ಗಿ ಮುಗಿಯುವುದೇ ಇಲ್ಲ. ಇಲ್ಲದ ಶತ್ರುವಿಗಾಗಿ ಅವು ಹುಟ್ಟುತ್ತಲೇ ಇರುತ್ತವೆ, ಒಡೆದು ಎರಡಾಗುತ್ತಲೇ ಇರುತ್ತವೆ. ಒಳ್ಳೆಯ ಪ್ರತಿಕಾಯ ತಯಾರಿಸಲು ಈ ಕಣಗಳು ತಮ್ಮದೇ ಡಿಎನ್‌ಎ ಕತ್ತರಿಸಿ ಜೋಡಿಸಿಕೊಳ್ಳುತ್ತವೆ. ಆರೋಗ್ಯವಂತರಲ್ಲೂ ಇದು ನಡೆಯುವುದೇ. ಆ ಕತ್ತರಿಸುವಾಗ ಎಲ್ಲೋ ಒಂದು ಕಡೆ ಜೋಡಣೆ ತಪ್ಪಿದರೆ, ನಿಲ್ಲು ಅಂದರೂ ನಿಲ್ಲದ ಕಣ ಹುಟ್ಟಬಹುದು.

ಔಷಧದ ಪಾಲು ಇಲ್ಲವೇ ಇಲ್ಲ ಅಂತ ನಾನು ಅವಳಿಗೆ ಹೇಳಲಿಲ್ಲ. ಅದು ಸುಳ್ಳಾಗುತ್ತಿತ್ತು. ಸೈಕ್ಲೋಫಾಸ್ಫಮೈಡ್ ಮತ್ತು ಜಾಸ್ತಿ ಪ್ರಮಾಣದ ಸ್ಟಿರಾಯ್ಡ್ ಮೇಲೆ ಅದೇ ಸಂಶೋಧಕರಿಗೆ ಸ್ವಲ್ಪ ಅನುಮಾನ ಇದೆ. ನಾವು ವರ್ಷಗಟ್ಟಲೆ ಬೆಲ್ಲದ ಡಬ್ಬಿ ಪಕ್ಕ ಇಟ್ಟಿದ್ದ ಅಜಾಥಯೋಪ್ರಿನ್ ಮೈಯೊಳಗೆ ಹೋಗಿ ಮರ್ಕ್ಯಾಪ್ಟೋಪ್ಯೂರಿನ್ ಆಗುತ್ತದೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ಔಷಧ ಅದು. ಇವೆರಡನ್ನೂ ಕಂಡುಹಿಡಿಯುವ ಕೆಲಸದಲ್ಲಿ ಮುಂದಿದ್ದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಈ ಔಷಧಗಳ ಬಳಕೆ ಇನ್ನೂ ಹರಡದಿದ್ದ 1950ರ ದಶಕದಲ್ಲಿ, ಲೂಪಸ್ ಅಂತ ಗೊತ್ತಾದ ಮೇಲೆ ಐದು ವರ್ಷ ಬದುಕುತ್ತಿದ್ದವರು ಸುಮಾರು ಅರ್ಧದಷ್ಟು ಜನ. ಅಕ್ಕ ಹತ್ತು ವರ್ಷ ದಾಟಿ ಬಂದಿದ್ದಳು. ಕೀಮೋ ಡಾಕ್ಟರ್ ಅವಳಿಗೆ ಹೇಳಿದ್ದು ಇಷ್ಟೇ. "ಆ ಔಷಧ ಅವತ್ತು ಕೊಡದಿದ್ದರೆ ಇವತ್ತು ನೀವು ನನ್ನ ಮುಂದೆ ಕೂತಿರುತ್ತಿರಲಿಲ್ಲಮ್ಮ."

21 ದಿನಕ್ಕೊಂದರಂತೆ ಆರು ಕೀಮೋ. ಐದು ಔಷಧ ಸೇರಿದ್ದು. ಅದರಲ್ಲಿ ಮೂರು, ಅಂದರೆ ಸೈಕ್ಲೋಫಾಸ್ಫಮೈಡ್, ಪ್ರೆಡ್ನಿಸೊಲೋನ್, ರಿಟುಕ್ಸಿಮ್ಯಾಬ್, ಲೂಪಸ್ ವಾರ್ಡಿನಲ್ಲೂ ಕೇಳುವ ಹೆಸರುಗಳೇ. ಕೆಂಪು ಔಷಧ ಬೇರೆ, ಅದು ಡಾಕ್ಸೋರುಬಿಸಿನ್. ರಸ್ನಾ ಬಣ್ಣದ್ದು. ಅದು ಹೋದ ಮರುದಿನ ಮೂತ್ರ ಕೆಂಪಾಗುತ್ತದೆ. ಟಿಬಿ ಗುಳಿಗೆಯಿಂದ ಕಿತ್ತಳೆ ಆಗಿದ್ದನ್ನು ನೋಡಿದ್ದರಿಂದ ಅಕ್ಕ ಹೆದರಲಿಲ್ಲ. ದುಡ್ಡಿನ ವಿಷಯದಲ್ಲಿ ಬಿಪಿಎಲ್ ಕಾರ್ಡ್ ಇದ್ದದ್ದು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದ್ದದ್ದು ನಮ್ಮನ್ನು ಬದುಕಿಸಿತು. ಕಲಬುರಗಿಯವರಿಗೆ ಒಂದು ಮಾತು: ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರ ನಮ್ಮೂರಲ್ಲೇ ಇದೆ. ಕ್ಯಾನ್ಸರ್ ಅಂದ ಕೂಡಲೇ ರಾತ್ರಿ ರೈಲಿಗೆ ಟಿಕೆಟ್ ಹುಡುಕುವ ಮೊದಲು ಅಲ್ಲಿಯೂ ವಿಚಾರಿಸಿ.

ಮೂರನೇ ಕೀಮೋ ಆದ ಮೇಲೆ ಒಂದು ಬೆಳಗ್ಗೆ ಟಪ್ ಟಪ್ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ತಲೆಗೆ ಅವ್ವನ ಹಳೆ ಕಾಟನ್ ಸೀರೆಯ ತುಂಡು ಕಟ್ಟಿಕೊಂಡು, ಕೂದಲಿಲ್ಲದ ಹುಬ್ಬು ಗಂಟಿಕ್ಕಿಕೊಂಡು, ಜೋಳದ ಹಿಟ್ಟಿನ ಮೇಲೆ ಅಂಗೈ ತಿರುವುತ್ತಿದ್ದಳು. ಮಣಿಕಟ್ಟು ನೋಯದೆ ರೊಟ್ಟಿ ಬಡಿಯಲು ಆಗುವುದಿಲ್ಲ ಅಂತ ಅವಳು ಬಿಟ್ಟು ಏಳು ವರ್ಷವಾಗಿತ್ತು. "ನೋಡು, ಕೀಲು ನೋವೇ ಇಲ್ಲ" ಅಂತ ಮುಷ್ಟಿ ಕಟ್ಟಿ ತೋರಿಸಿದಳು. ಬಿ ಕಣಗಳನ್ನು ಗುರಿಯಿಟ್ಟು ಕೊಲ್ಲುವ ರಿಟುಕ್ಸಿಮ್ಯಾಬ್ 1997ರಲ್ಲಿ ಲಿಂಫೋಮಾಗೆಂದು ಬಂದ ಔಷಧ. ಬೇರೆ ದಾರಿ ಇಲ್ಲದ ಲೂಪಸ್‌ಗೂ ಅದನ್ನು ಕೊಡುತ್ತಾರೆ. ಅವಳ ಎರಡೂ ಕಾಯಿಲೆಯ ಬೇರು ಒಂದೇ ಜಾತಿಯ ಕಣದಲ್ಲಿತ್ತು. ಒಂದಕ್ಕೆ ಕೊಟ್ಟಿದ್ದು ಎರಡಕ್ಕೂ ತಾಗಿತು.

ಜರ್ಮನಿಯ ಎರ್ಲಾಂಗೆನ್‌ನಲ್ಲಿ ಇದನ್ನೇ ಇನ್ನೂ ಮುಂದೆ ತಗೊಂಡು ಹೋಗಿದ್ದಾರೆ. ರೋಗಿಯದೇ ಟಿ ಕಣಗಳನ್ನು (ಇನ್ನೊಂದು ಜಾತಿಯ ಬಿಳಿ ಕಣ) ಹೊರತೆಗೆದು, ಬಿ ಕಣಗಳನ್ನು ಕೊಲ್ಲುವ ಹಾಗೆ ಬದಲಿಸಿ ವಾಪಸ್ ಬಿಡುವ, ರಕ್ತ ಕ್ಯಾನ್ಸರಿಗೆಂದು ಮಾಡಿದ ಕಾರ್-ಟಿ ಚಿಕಿತ್ಸೆಯನ್ನು ಯಾವ ಔಷಧಕ್ಕೂ ಬಗ್ಗದ ಲೂಪಸ್ ಇದ್ದ 20 ವರ್ಷದ ಹುಡುಗಿಗೆ ಕೊಟ್ಟರು. 2021ರಲ್ಲಿ ಆ ವರದಿ ಬಂತು, ಅವಳ ಲೂಪಸ್ ಶಾಂತವಾಗಿತ್ತು. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಅನ್ನುವ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿದ್ದು ಬಿ ಕಣಗಳ ರಕ್ತ ಕ್ಯಾನ್ಸರಿಗೆ. ಸೇಡಂ, ಚಿಂಚೋಳಿ ಹಳ್ಳಿಯ ಹುಡುಗಿಗೆ ಇದೆಲ್ಲ ಯಾವಾಗ ಮುಟ್ಟುತ್ತದೆ ಅನ್ನೋದೇ ನನ್ನ ಆಸೆ, ನನ್ನ ಚಿಂತೆ.

ಇದನ್ನು ಬರೆಯಲು ನಾನು ಬಹಳ ಹಿಂದೇಟು ಹಾಕಿದೆ. ಕಾರಣ ಇದೆ. ನಮ್ಮ ಬಳಗದಲ್ಲೇ ಯಾದಗಿರಿ ಕಡೆ ಒಬ್ಬ ಹುಡುಗಿಗೆ ಲೂಪಸ್ ಇದೆ. ಅಕ್ಕನಿಗೆ ಕ್ಯಾನ್ಸರ್ ಅಂತ ಸುದ್ದಿ ಹೋದಾಗ ಅವರ ಮನೆಯವರು "ಆ ಗುಳಿಗೆಗಳಿಂದಾನೇ ಆಗ್ಯಾದ" ಅಂತ ಎಲ್ಲ ಗುಳಿಗೆ ನಿಲ್ಲಿಸಿಬಿಟ್ಟರು. ಎರಡೇ ತಿಂಗಳಿಗೆ ಮುಖ ಊದಿಕೊಂಡು ಆಸ್ಪತ್ರೆ ಸೇರಿದಳು. ಅಕ್ಕ ಆಗ ಐದನೇ ಕೀಮೋದಲ್ಲಿದ್ದಳು. ಮಲಗಿದ್ದಲ್ಲಿಂದಲೇ ಫೋನ್ ಮಾಡಿಸಿಕೊಂಡು, "ಯವ್ವಾ, ಗುಳಿಗೆ ಬಿಡಬ್ಯಾಡ. ನನ್ನ ನೋಡಿ ಬಿಡಬ್ಯಾಡ" ಅಂದಳು. ಹೇಳುವಷ್ಟರಲ್ಲಿ ದಮ್ಮು ಹತ್ತಿತ್ತು.

ಅದಕ್ಕೇ ಎರಡೂ ಮಾತು ಒಟ್ಟಿಗೇ ಹೇಳುತ್ತಿದ್ದೇನೆ. ಗುಳಿಗೆ ಡಾಕ್ಟರನ್ನು ಕೇಳದೆ ಬಿಡಬೇಡಿ. ಗಂಟು ಬಂದರೆ, ಹೋಗದಿದ್ದರೆ, ಲೂಪಸ್ ಅಂತ ನೀವೇ ತೀರ್ಮಾನ ಮಾಡಬೇಡಿ. ಕರಗಿ ತಿರುಗಿ ಬಂದರೂ ತೋರಿಸಿ. ಸ್ಟಿರಾಯ್ಡ್‌ಗೆ ಕರಗಿದ ಗಂಟಿನ ಮೇಲೆ ಜಾಸ್ತಿ ಅನುಮಾನ ಇರಲಿ.

ಅಕ್ಕನ ಕೀಮೋ ಮುಗಿದು ಮೂರು ವರ್ಷ ದಾಟಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮುಂದುವರಿದಿದೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯೂ ಇದೆ. ಅವಳ ಹತ್ತಿರ ಈಗ ಮಗನ ಶಾಲೆಯ ಉಳಿದ ಹಾಳೆಗಳ ಒಂದು ನೋಟ್‌ಬುಕ್ ಇದೆ. ಪ್ರತಿ ತಿಂಗಳ ಮೊದಲ ದಿನ ಸ್ನಾನ ಮಾಡಿದ ಮೇಲೆ ಕುತ್ತಿಗೆ, ಕಂಕುಳು, ತೊಡೆಸಂದು ತಾನೇ ಮುಟ್ಟಿ ನೋಡಿಕೊಂಡು, ಮೂಲೆಯಂಗಡಿಯ ತಕ್ಕಡಿಯಲ್ಲಿ ತೂಕ ನೋಡಿ ಬಂದು ಬರೆಯುತ್ತಾಳೆ. ಇದನ್ನು ಬರೆಯುವ ಮುಂಚೆ ಕೇಳಿ ತೆಗೆದುಕೊಂಡು ನೋಡಿದೆ. ಕೊನೆಯ ಪುಟದಲ್ಲಿ ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: "ಎಡಗಡೆ ಏನಿಲ್ಲ. ಬಲಗಡೆ ಏನಿಲ್ಲ. ಕಂಕುಳ ಏನಿಲ್ಲ. ಜ್ವರ ಇಲ್ಲ. ತೂಕ 55. ಬಿಸಿಲು ಬಹಳ ಅದ, ಕೊಡೆ ತರಬೇಕು."